ಕರ್ಪೂರ ಆರಿಸಲು ಬಿಡದ ಸಂಜೆ

ದೇವರಿಲ್ಲ ಎಂದು ನಾನು ಯಾರ ಮನೆಬಾಗಿಲಿಗೂ ಹೋಗಿ ಸಾರಿದವನಲ್ಲ. ಆದರೆ ಹೊಸಪೇಟೆಯ ವೈಷ್ಣವರ ಮನೆಯಲ್ಲಿ ಹುಟ್ಟಿ, ತೀರ್ಥಕ್ಕೆ ಕೈಯೊಡ್ಡದೆ ಎದ್ದು ಹೋಗುವವನನ್ನು ಜನ ಕೇಳದೆ ಬಿಡುತ್ತಾರೆಯೇ? ಅಪ್ಪ ಕೊನೆಯವರೆಗೂ ಕೇಳಿದ್ದು ಒಂದೇ: ಅಂಜಿಕೆಯೇ ಇಲ್ಲದವನು ನಾಳೆ ಏನು ಮಾಡಲಿಕ್ಕೂ ಹೇಸುವುದಿಲ್ಲವಲ್ಲ? ನನಗೆ ರೇಗುತ್ತಿತ್ತು. ಉತ್ತರ ಮಾತ್ರ ಹೊಳೆಯುತ್ತಿರಲಿಲ್ಲ.

ಸಂಡೂರು ಗುಡ್ಡದ ಗಣಿಯೊಂದರಲ್ಲಿ ಅದಿರು ಪರೀಕ್ಷಿಸುವ ಲ್ಯಾಬಿನ ಕೆಲಸ ನನ್ನದು. ಆ ಸಂಜೆ ಸ್ಟಾಫ್ ಬಸ್ಸಿನಲ್ಲಿ ಹೊಸಪೇಟೆಗೆ ವಾಪಸಾಗುತ್ತಿದ್ದೆವು. ಉಳಿದವರೆಲ್ಲ ತೂಕಡಿಸುತ್ತಿದ್ದರು, ನಾನು ಎಂದಿನಂತೆ ಡ್ರೈವರನ ಪಕ್ಕದ ಸೀಟಿನಲ್ಲಿದ್ದೆ. ತಿರುವು ದಾಟುತ್ತಲೇ ರಸ್ತೆಯ ಮೇಲೆ ಒಬ್ಬ ಯುವಕ ಬಿದ್ದಿರುವುದು ಕಂಡಿತು, ಅತ್ತ ಅವನ ಬೈಕು. ಗುದ್ದಿದ ಲಾರಿ ಧೂಳೆಬ್ಬಿಸಿಕೊಂಡು ಓಡುತ್ತಿರುವುದೂ ಕಂಡಿತು. ಡ್ರೈವರ್ ಬ್ರೇಕ್ ಹಾಕಿ, ಜಿಗಿದು, ಅವನನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಮಲಗಿಸಿದ. ಆಂಬುಲೆನ್ಸ್ ಬರುವುದರೊಳಗೆ ಉಸಿರು ನಿಂತಿತು.

ಸತ್ತವನು ಪಕ್ಕದ ಊರಿನವನೇ. ಊರವರು ಓಡಿಬಂದಾಗ ಕಂಡದ್ದು ನಿಂತ ಬಸ್ಸು ಮತ್ತು ಡ್ರೈವರನ ಅಂಗಿಯ ಮೇಲಿನ ರಕ್ತ. ಅಷ್ಟು ಸಾಕಾಯಿತು. ಅವನನ್ನು ಬಡಿಯುತ್ತಲೇ ಹನುಮಪ್ಪನ ಗುಡಿಯ ಕಟ್ಟೆಗೆ ಎಳೆದೊಯ್ದರು. ಪೊಲೀಸರು ಇನ್ನೂ ಬಂದಿರಲಿಲ್ಲ. ಅವರು ಬರುವವರೆಗೆ ಅವನ ಜೀವ ಉಳಿಯುತ್ತದೆಂಬ ಭರವಸೆಯೂ ನನಗಿರಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ. ಮಾತಿನ ಮೇಲೆ ಸಂಶಯ ಬಂದರೆ ಉರಿಯುವ ಕರ್ಪೂರವನ್ನು ದೇವರೆದುರು ಅಂಗೈಯಿಂದ ಬಡಿದು ಆರಿಸಿ ಆಣೆ ಮಾಡಬೇಕು; ಸುಳ್ಳಾಡಿದವನ ಮನೆಯ ದೀಪವೂ ಹಾಗೇ ಆರುತ್ತದೆಂದು ನಂಬಿಕೆ. ಡ್ರೈವರ್ ಆರಿಸಿದ. ಗುದ್ದಿದವನು ಜೀವಭಯಕ್ಕೆ ಏನನ್ನೂ ಆರಿಸಿಯಾನು, ಕಂಡವರು ಆರಿಸಲಿ ಎಂದರು ಊರವರು. ಕಂಡವನು ನಾನೊಬ್ಬನೇ. ನಂಬಿಕೆ ಗಿಂಬಿಕೆ ಹಾಳಾಗಲಿ ಎಂದು ಕೈ ಮುಂದೆ ಮಾಡಿದೆ. ಆಗ ನಮ್ಮ ಬಸ್ಸಿನವರೇ ಒಬ್ಬರು, ಮಹಾ ದೈವಭಕ್ತರು, ಬಾಯಿಬಿಟ್ಟರು: ಇವರು ದೇವರನ್ನು ನಂಬುವವರಲ್ಲ, ಇವರಿಂದ ಆಣೆ ಮಾಡಿಸಿದರೆ ದೋಷ ಬಂದೀತು. ನಿಜವನ್ನೇ ಹೇಳಿದರು, ಪುಣ್ಯಾತ್ಮರು.

ಊರ ಹಿರಿಯ ಕರ್ಪೂರದ ತಟ್ಟೆಯನ್ನು ಹಿಂದಕ್ಕೆಳೆದುಕೊಂಡ. “ಅಂಜಿಕಿನ ಇಲ್ದಾವ್ರ ಆಣಿ ತಗಂಡು ಏನ್ ಮಾಡಾನ್ರಿ?”

ಕೂಗಾಡಿದೆ, ಬೇಡಿಕೊಂಡೆ. ನನ್ನ ಮಕ್ಕಳ ಮೇಲೆ ಆಣೆ ಎಂದೆ, ಸತ್ತ ಅಪ್ಪನ ಹೆಸರು ಹಿಡಿದೆ. ಕೊನೆಗೆ, ದೇವರಿದ್ದಾನೆ, ನಂಬುತ್ತೇನೆ ಎಂದೂ ಒದರಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡ್ರೈವರ್ ನನ್ನನ್ನೇ ನೋಡುತ್ತಿದ್ದ. ನನ್ನ ಬಳಿಯಿದ್ದ ನಿಜ ಮೂರುಕಾಸಿಗೂ ಬಾಳುತ್ತಿರಲಿಲ್ಲ. ಅಷ್ಟು ಅಸಹಾಯಕನಾಗಿ ನಾನು ಎಂದೂ ನಿಂತವನಲ್ಲ.

ಅಷ್ಟರಲ್ಲಿ, ಕಟ್ಟೆಯ ಬದಿಗೆ ಕೂತು ಅಳುತ್ತಿದ್ದ ಸತ್ತವನ ತಾಯಿ ಎದ್ದು ಬಂದಳು. ನನ್ನ ಪ್ಯಾಂಟಿನ ಮೇಲಿನ ರಕ್ತವನ್ನು ಮುಟ್ಟಿ ನೋಡಿದಳು. ಇಲ್ಲೇ ಜೀವ ಬಿಟ್ಟನೇ ಎಂದು ಕೇಳಿದಳು. ಹೂಂ ಎಂದೆ.

“ಅವ್ವಾ ಅಂದನೇನಪ್ಪಾ?”

ಹೌದು ಎಂದುಬಿಟ್ಟಿದ್ದರೆ ಮುಗಿದಿತ್ತು. ಅವಳು ಕರಗುತ್ತಿದ್ದಳು, ಡ್ರೈವರ್ ಉಳಿಯುತ್ತಿದ್ದ, ನಾನೂ ಮನೆ ಸೇರುತ್ತಿದ್ದೆ. ಸುಳ್ಳು ಪಾಪವೆಂದು ನನ್ನನ್ನು ಬೆದರಿಸಲು ಮೇಲೆ ಯಾರೂ ಇಲ್ಲ. ಈಗ ತಾನೇ ದೇವರಿದ್ದಾನೆ ಎಂದು ಒದರಿದ ನಾಲಿಗೆ ಬೇರೆ. ಆದರೂ ಅದು ಏಳಲಿಲ್ಲ. ಆ ತಲೆಯ ಭಾರ ಇನ್ನೂ ನನ್ನ ತೊಡೆಯ ಮೇಲಿತ್ತು.

“ಇಲ್ಲವ್ವಾ. ಏನೂ ಅನ್ಲಿಲ್ಲ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಗುಂಪಿನ ಕಡೆ ತಿರುಗಿದಳು. “ಆ ಡ್ರೈವರ್‌ನ ಬಿಡ್ರಿ. ಇಂವ ಸುಳ್ಳ ಹೇಳಾಂವಲ್ಲ.” ಅಷ್ಟು ಹೇಳಿ ಅಲ್ಲೇ ಕುಸಿದು ಕೂತಳು.

ಡ್ರೈವರ್ ಈಗಲೂ ಅದೇ ಬಸ್ಸು ಓಡಿಸುತ್ತಾನೆ. ನನ್ನನ್ನು ದೇವರೆನ್ನುತ್ತಾನೆ, ಬೈಯುತ್ತೇನೆ. ಅಪ್ಪನಿಗೆ ಕೊಡುವಂಥ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ಮಗ ಕೊನೆಗೊಮ್ಮೆ ತನ್ನನ್ನು ಕರೆದನೆಂಬ ಒಂದು ಮಾತನ್ನು ಹಿಡಿದುಕೊಂಡು ಆ ತಾಯಿ ಬದುಕಬಹುದಿತ್ತು. ಅದನ್ನು ಕೊಡದೆ ಬಂದೆ. ದೇವರನ್ನು ನಂಬಿದ್ದರೆ ಅವನೆದುರು ಅಡ್ಡಬಿದ್ದು ಹಗುರಾಗುತ್ತಿದ್ದೆನೇನೋ. ನಾನು ಕ್ಷಮೆ ಕೇಳಬೇಕಾದದ್ದು ಅವಳನ್ನು, ಆ ಊರಿನಲ್ಲಿ ಬಸ್ಸಿಳಿಯುವ ಧೈರ್ಯ ನನಗಿನ್ನೂ ಬಂದಿಲ್ಲ.