ಜಗಳಗಂಟನ ತೊಟ್ಟಿ

ಊರಿನ ಅರ್ಧ ಮುದುಕರು ನಗುತ್ತಿದ್ದುದು ಅವನು ಮಾಡಿಕೊಟ್ಟ ಹಲ್ಲಿನಲ್ಲೇ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮೇಣ ಕೆತ್ತಿ, ಬಣ್ಣ ಹೊಂದಿಸಿ, ಉಜ್ಜಿ ಹೊಳಪು ಕೊಟ್ಟು ಹಲ್ಲಿನ ಸೆಟ್ ಮಾಡುವುದು ಅವನ ಕಸುಬು. ಜನ ಹಲ್ಲಪ್ಪ ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ಹಲ್ಲು ಕೊಟ್ಟವನು ತಾನು ಮಾತ್ರ ಬಾಯಿ ಬಿಡುವುದಿಲ್ಲ ಎಂದು ನಗುತ್ತಲೂ ಇದ್ದರು.

ಅಣ್ಣನೊಡನೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅಮ್ಮನಿಗೆ ಕಾಯಿಲೆ ಜೋರಾಗಿದೆ, ಬೇಗ ಬಾ ಎಂದು ಅಣ್ಣ ಹೇಳಿಕಳಿಸಿದ ದಿನ ಹಲ್ಲಪ್ಪ ಕೈಯಲ್ಲಿದ್ದ ಸೆಟ್ ಮುಗಿಸಿಯೇ ಹೊರಟಿದ್ದ. ಅಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ಅಣ್ಣ ಬಾಗಿಲಿಗೆ ಅಡ್ಡ ನಿಂತು, "ಇನ್ನು ಈ ಹೊಸಿಲು ತುಳೀಬೇಡ" ಅಂದ. ಇವನೂ ಹಟಮಾರಿ, ತುಳಿಯಲಿಲ್ಲ. ಕೊನೆಗೆ ಅಣ್ಣನೇ ಎದೆನೋವಿನಿಂದ ತೀರಿಕೊಂಡಾಗಲೂ ಬೀದಿಯಲ್ಲಿ ನಿಂತು ಹೆಣ ನೋಡಿ ಬಂದ.

ತಿಂಗಳೊಳಗೆ ಅತ್ತಿಗೆ ಕರೆಸಿದಳು. ಹನ್ನೊಂದು ವರ್ಷದ ಮೇಲೆ ಹಲ್ಲಪ್ಪ ಆ ಹೊಸಿಲು ದಾಟಿದ. ಒಳಗೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಒಂಟಿ ಮೀನು: ಅಂಗೈಯಗಲ, ಹಣೆ ಉಬ್ಬಿದ ಸಿಕ್ಲಿಡ್. ಜೊತೆಗೆ ಬಿಟ್ಟದ್ದನ್ನೆಲ್ಲ ಕಚ್ಚಿ ಕೊಲ್ಲುವ ಜಾತಿ. ಸಾಕುವುದು ತನ್ನ ಕೈಲಾಗದು, ನೀವೇ ಒಯ್ಯಬೇಕೆಂದು ಅವರ ಆಸೆಯೂ ಇತ್ತು ಎಂದಳು ಅತ್ತಿಗೆ. ಹೆಸರೇನೆಂದು ಕೇಳಿದ.

"ಜಗಳಗಂಟ."

ಚಿಕ್ಕಂದಿನಲ್ಲಿ ಅಣ್ಣ ಹಲ್ಲಪ್ಪನನ್ನು ಕರೆಯುತ್ತಿದ್ದುದೂ ಹಾಗೆಯೇ.

ತೊಟ್ಟಿ ಅವನ ಕೆಲಸದ ಕೋಣೆಗೆ ಬಂತು. ಹೊಸಬರ ಕೈಗೆ ಬಾಯಿ ಹಾಕುವ ಮೀನು ಮೊದಲ ದಿನವೇ ಇವನ ಬೆರಳಿನಿಂದ ಕಾಳು ತಿಂದಿತು. ಅಣ್ಣತಮ್ಮಂದಿರದು ಒಂದೇ ಮೂಗು, ಒಂದೇ ಬೋಳುತಲೆ. ತನ್ನನ್ನು ಅದು ಯಾರೆಂದುಕೊಂಡಿದೆ ಎಂದು ಹೊಳೆದಾಗ ಹಲ್ಲಪ್ಪ ಬೆರಳು ಹಿಂತೆಗೆದ. ಅಂದಿನಿಂದ ಕೆಲಸ ಮಾಡುವಾಗಲೆಲ್ಲ ಹಿಂದಿನಿಂದ ಯಾರೋ ನೋಡಿದಂತೆ. ತಿರುಗಿದರೆ ಮೀನು ಗಾಜಿಗೆ ಅಂಟಿ ನಿಂತಿರುತ್ತಿತ್ತು, ಅದರ ಮೇಲೆ ಗಾಜಿನಲ್ಲಿ ಅಣ್ಣನ ಮುಖ. ತನ್ನದೇ ಮುಖ ಎಂದು ಗೊತ್ತಾಗಲು ಒಂದು ಗಳಿಗೆ ಬೇಕಾಗುತ್ತಿತ್ತು.

ಒಂಟಿಯಾಗಿದೆ ಪಾಪ ಎಂದು ನಾಲ್ಕು ಪುಟ್ಟ ಮೀನು ತರಿಸಿ ಬಿಟ್ಟ. ಊಟ ಮುಗಿಸಿ ಬರುವಷ್ಟರಲ್ಲಿ ನೀರಲ್ಲಿ ಹರಿದ ಬಾಲಗಳಷ್ಟೇ ತೇಲುತ್ತಿದ್ದವು. ಕಸುಬಿನ ಶುಚಿ ಕೈಬಿಡುತ್ತದೆಯೇ? ಎಲ್ಲ ನೀರು ಚೆಲ್ಲಿದ, ಕಲ್ಲು ಉಜ್ಜಿದ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಬೆಳ್ಳಗಾಗುವವರೆಗೆ ತೊಳೆದ. ಕೆಲವು ವಾರ ಹೀಗೇ ನಡೆಯಿತು. ಮೀನು ಕಪ್ಪಿಟ್ಟು ಮೂಲೆ ಹಿಡಿಯಿತು. ಹಣೆಯ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳು ಬಿದ್ದವು.

ಅಮ್ಮನಿಗೂ ಹೀಗೇ ತಡಮಾಡಿದೆ ಎಂಬುದು ಎದೆಗೆ ಬಡಿಯಿತು. ಮೇಣ ಕೆತ್ತುತ್ತಿದ್ದ ಸೆಟ್ಟನ್ನು ಹಾಗೇ ಬಿಟ್ಟು, ಅಂಗಿಯ ಗುಂಡಿಯನ್ನೂ ಹಾಕದೆ ಮೀನಿನ ಅಂಗಡಿಗೆ ಓಡಿದ. ಅಣ್ಣನ ಪರಿಚಯವಿದ್ದ ಅಂಗಡಿಯವನು ಅವನನ್ನು ಕಂಡು ಕೈಲಿದ್ದ ಬಲೆ ಕೆಳಗಿಟ್ಟ. ತೀರಿಕೊಂಡವರ ತಮ್ಮ ಎಂದು ತಿಳಿದ ಮೇಲೆಯೇ ಅವನಿಗೆ ಉಸಿರು ಬಂದದ್ದು.

"ಸ್ಪಂಜಲ್ಲಿ ಕಣ್ಣಿಗೆ ಕಾಣದ ಜೀವಿಗಳಿರ್ತವೆ. ಮೀನಿನ ಹೊಲಸು ಅರಗಿಸೋದು ಅವೇ," ಎಂದ. "ನೀವು ಅವನ್ನೇ ತೊಳೆದು ಚೆಲ್ಲಿದ್ದೀರಿ. ಅತಿ ಶುಚಿಯೇ ಅದಕ್ಕೆ ವಿಷ ಆಯ್ತು."

ಸದ್ಯಕ್ಕೆ ದಿನಾ ಕಾಲು ಭಾಗ ನೀರು ಮಾತ್ರ ಬದಲಿಸಬೇಕು, ಹೊಸ ನೀರಿನ ಕ್ಲೋರಿನ್ ಹೋಗಿರಬೇಕು, ಬಿಸುಪು ತೊಟ್ಟಿಯ ನೀರಿನಷ್ಟೇ ಇರಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಬೇಕು. ಮಿಕ್ಕ ಕಾಳನ್ನು ಆಗಲೇ ತೆಗೆಯಬೇಕು. ದಿನಾ ಅದೇ ಕಾಳು ಹಾಕದೆ ಬೇರೆ ಬೇರೆ ಮೇವು ಕೊಡಬೇಕು. ಜೊತೆ ಬೇಡವೇ ಬೇಡ. ಹೇಳಿ ಮುಗಿಸಿ ಅಂಗಡಿಯವನು ಮೆಲ್ಲಗೆ ಸೇರಿಸಿದ: "ಇಲ್ಲಿ ನಿಂತಾಗಲೆಲ್ಲ ನಿಮ್ಮಣ್ಣ, 'ನನ್ನ ತಮ್ಮನ ಕೈ ನನಗಿಂತ ಸೂಕ್ಷ್ಮ' ಅನ್ನೋರು."

ಹಲ್ಲಪ್ಪ ಆ ಕೈಯಿಂದ ಎರಡು ತಿಂಗಳು ನೀರು ಹೊತ್ತ. ಬೆಳಿಗ್ಗೆ ಮೊದಲು ಮೀನು, ಆಮೇಲೆ ಹಲ್ಲು. ತೊಟ್ಟಿಯ ಮುಂದೆ ಬಾಯಿಯನ್ನೂ ಬಿಟ್ಟ. ಅಮ್ಮನ ದಿನದ ಕತೆಯನ್ನು, ಹೊರಡದೆ ಕೂತ ಆ ಒಂದು ಗಂಟೆಯನ್ನು, ಅಣ್ಣಾ ಎಂದು ಕರೆದೇ ಹೇಳಿಕೊಂಡ. ಮೀನು ಕೇಳುತ್ತಿತ್ತೋ ಇಲ್ಲವೋ, ಅದರ ಬಣ್ಣ ಮರಳಿತು, ಗುಳಿಗಳು ತುಂಬಿದವು. ಬೆನ್ನ ಹಿಂದಿನ ನೋಟ ಮಾತ್ರ ಹೋಗಲಿಲ್ಲ.

ಒಂದು ಮಧ್ಯಾಹ್ನ ಅವನು ಅಂಗಿಯ ತೋಳು ಮಡಚಿ, ತೊಟ್ಟಿಯೊಳಗೆ ಕೈಯಿಳಿಸಿ ಕಲ್ಲು ಸರಿಸುತ್ತಿದ್ದ. ಬಾಗಿಲಲ್ಲಿ ಸದ್ದಾಯಿತು. ಅತ್ತಿಗೆ. ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು. ಬನ್ನಿ ಎನ್ನಲು ಅವನು ಹೊರಳಬೇಕೆನ್ನುವಷ್ಟರಲ್ಲಿ ಅವಳ ದನಿ ಬಂತು.

"ತಿರುಗಬೇಡಿ. ಸ್ವಲ್ಪ ಹೊತ್ತು ಹಾಗೇ ಇರಿ."

ಹಲ್ಲಪ್ಪ ಹಾಗೇ ನಿಂತ. ಮೊಣಕೈವರೆಗೆ ನೀರಲ್ಲಿ ತೋಳು ಜೋಮು ಹಿಡಿಯಿತು. ಮೀನು ಬೆರಳುಗಳನ್ನು ಸುತ್ತಿ ಸುತ್ತಿ ಬಂತು. ಅವಳು ಅಳುತ್ತಿದ್ದಾಳೆ ಎಂದು ಗೊತ್ತಾದರೂ, ಅವಳು ಎದ್ದು ಹೋಗುವವರೆಗೂ ಅವನು ಮುಖ ತಿರುಗಿಸಲಿಲ್ಲ.