ಒಂಬತ್ತನೇ ಮಹಡಿಗೊಂದು ಗಾಜು

"ಹೊಡೀರಿ ಬಾಸ್. ಜೋರಾಗಿ ಹೊಡೀರಿ ಲಾ!" ಅಂತ, ಮಾತಿನ ಕೊನೆಗೊಂದು ಲಾ ಸೇರಿಸುವ ಗಾಜಿನಂಗಡಿಯವನು ನನ್ನ ಕೈಗೆ ಸುತ್ತಿಗೆ ಕೊಟ್ಟ.

ಎದುರಿಗಿದ್ದದ್ದು ಗಾಜಿನ ಹಲಗೆ. ಗಾಜು ಒಡೆದರೆ ಬೈಗುಳ ಅಂತ ಕಲಿತು ಬೆಳೆದವನಿಗೆ ಅಷ್ಟು ಬೇಗ ಕೈ ಬರುತ್ತದೆಯೇ? ಮೆಲ್ಲಗೆ ತಟ್ಟಿದೆ. ಅವನು ನಕ್ಕ. ಕಾಲೇಜಿನಲ್ಲಿ ಬಾಕಿಯಿರುವ ಉತ್ತರಪತ್ರಿಕೆಗಳನ್ನೂ, ಮನೆಯಲ್ಲಿ ಮುಗಿಯದ ಗಾಜಿನ ಚರ್ಚೆಯನ್ನೂ ನೆನೆಸಿಕೊಂಡು ಒಂದೇಟು ಬಿಟ್ಟೆ. ಹಲಗೆ ಪುಡಿಪುಡಿಯಾಗಿ ನೆಲಕ್ಕೆ ಸುರಿಯಿತು. (ಸುಳ್ಳು ಹೇಳುವುದಿಲ್ಲ, ಹಾಯೆನಿಸಿತು.)

"ಇದು ಟೆಂಪರ್ಡ್. ಪುಡಿಯಾಗುತ್ತೆ, ಕೈ ಕುಯ್ಯಲ್ಲ. ಸೇಫ್!" ಅಂದ.

ಯಾರಿಗೆ ಸೇಫ್? ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಅಡ್ಡಗಾಜು ಹೀಗೆ ಸುರಿದುಹೋದರೆ ಅದಕ್ಕೆ ಒರಗಿ ನಿಂತವನ ಗತಿ? ಆ ಪ್ರಶ್ನೆಗೆಂದೇ ಅವನು ಇನ್ನೊಂದು ಹಲಗೆ ತಂದ. ಲ್ಯಾಮಿನೇಟೆಡ್. ಎರಡು ಗಾಜು, ನಡುವೆ ಪ್ಲಾಸ್ಟಿಕ್ ಪದರ. ಹೊಡೆದರೆ ಬಿರುಕು ಬಿಡುತ್ತದೆ, ಆದರೆ ಬೀಳುವುದಿಲ್ಲ. ಸರಿ, ಇದೇ ಇರಲಿ ಅಂದೆ. ಇಷ್ಟಕ್ಕೆ ಮುಗಿಯಿತು ಅಂದುಕೊಂಡರೆ ಅವನು ಬಣ್ಣದ ಕ್ಯಾಟಲಾಗ್ ತೆಗೆದ.

ನನಗೆ ಸುಸ್ತಾಗಿದೆ ಮಾರಾಯರೇ.

ಭೂಕಂಪ ಇಲ್ಲದ ದೇಶ ಅಂತ ಮಲೇಷಿಯಾಕ್ಕೆ ಹೆಸರು. ರಾಜಧಾನಿಯ ಬಾಂಗ್ಸಾರ್‌ನ ಕೆಫೆಯಲ್ಲಿ ಕೂತ ನನ್ನ ಗೆಳೆಯನಿಗೆ ಅದು ನಿಜವೂ ಹೌದು. ಆದರೆ ನಾವಿರುವುದು ಸಮುದ್ರದ ಈಚೆ, ಸಬಾ ರಾಜ್ಯದ ಕೋಟಾ ಕಿನಬಾಲುವಿನಲ್ಲಿ. ಇಲ್ಲಿ ಬೆಟ್ಟದ ಕಡೆ ಭೂಮಿ ಆಗಾಗ ಮೈಮುರಿಯುತ್ತದೆ, ನಮ್ಮ ಮನೆಯ ದೀಪ ತೂಗಾಡುತ್ತದೆ. ಮಳೆಯಂತೂ ಕೇಳಲೇಬೇಡಿ. ಆ ಮಳೆ ಮತ್ತು ಉಪ್ಪು ಗಾಳಿ ಸೇರಿ ನಮ್ಮ ಕಟ್ಟಡದ ಬಾಲ್ಕನಿಗಳ ಕಬ್ಬಿಣದ ಕಟಕಟೆಗಳನ್ನು ತಿಂದುಹಾಕಿವೆ. ಎಲ್ಲ ಕಿತ್ತು ಗಾಜು ಹಾಕಿಸಿ ಅಂತ ಮ್ಯಾನೇಜ್‌ಮೆಂಟ್ ನೋಟಿಸ್ ಕೊಟ್ಟಿತು. ಅಲ್ಲಿಂದ ನಮ್ಮ ಶನಿವಾರಗಳು ಹಾಳಾದವು.

ನನ್ನ ಹೆಂಡತಿ ಸುಮಾಗೆ ಬಾಲ್ಕನಿಯನ್ನು ನೆಲದಿಂದ ಸೂರಿನ ತನಕ ಗಾಜಿನಲ್ಲಿ ಮುಚ್ಚಿಬಿಡುವ ಆಸೆ. ಮಳೆ ಒಳಗೆ ಹೊಡೆಯುವುದಿಲ್ಲ, ಬಟ್ಟೆ ಒಣಗುತ್ತದೆ. ಹಾಗೆ ಮುಚ್ಚಿಸಿದ ಕೆಳಗಿನ ಮನೆಗೆ ಹೋಗಿ ನೋಡಿದೆವು. ಒಳಗೆ ಇಡ್ಲಿ ಬೇಯಿಸಬಹುದಿತ್ತು, ಅಷ್ಟು ಸೆಕೆ. ಆಸೆ ಅಲ್ಲಿಗೇ ಬಿಟ್ಟಳು. ಮಗಳು ಇರಾಗೆ ಬರೀ ಗಾಜು ಬೇಕು, ಮೇಲೆ ಕಂಬಿ ಗಿಂಬಿ ಏನೂ ಇರಬಾರದು. "ಹ್ಯಾಂಡ್‌ರೇಲ್ ಸೋ ಅಗ್ಲಿ ಲಾ, ಅಪ್ಪಾ. ಫೋಟೋದಲ್ಲಿ ಸನ್‌ಸೆಟ್ ಕಟ್ ಆಗುತ್ತೆ." ಅವಳು ಕನ್ನಡ ಬಳಸುವುದೇ ಅಪರೂಪ. ಅಷ್ಟು ಕನ್ನಡ ಬಂತೆಂದರೆ ವಿಷಯ ಗಂಭೀರ ಅಂತ ಅರ್ಥ.

ನನಗೆ? ಯಾವುದಾದರೂ ಒಂದಾಗಿ, ಶನಿವಾರ ಮಾಮಕ್ ಹೋಟೆಲ್‌ನಿಂದ ರೊಟ್ಟಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದು ಮಲಗಲು ಬಿಟ್ಟರೆ ಸಾಕಿತ್ತು.

ಇನ್ನುಳಿದವರು ನಮ್ಮ ಅತ್ತೆ, ಸುಮಾಳ ಅಮ್ಮ. ಉಡುಪಿಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಮಗಳ ಮನೆಯಲ್ಲಿ ಇರುವುದೇ ಹೆಚ್ಚು, ಅಲ್ಲಿ ಅಭಿಪ್ರಾಯ ಬೇರೆ ಕೊಡುವುದೇ ಅನ್ನುವ ಕಾಲದವರು. ಅಳಿಯನ ಜೊತೆ ನೇರ ಮಾತಿಲ್ಲ. ನಾನು ಎದುರಿಗೇ ಕೂತಿದ್ದರೂ "ಅವ್ರಿಗೆ ಇನ್ನೊಂದು ದೋಸೆ ಬೇಕಾ ಕೇಳು" ಅಂತ ಮಗಳಿಗೆ ಹೇಳುತ್ತಾರೆ. ಬೇಡ ಅಂತ ನಾನೂ ಸುಮಾಳಿಗೇ ಹೇಳುತ್ತೇನೆ. ಇಷ್ಟು ವರ್ಷ ಹೀಗೆಯೇ ಸುಖವಾಗಿ ನಡೆದಿದೆ.

ಗಾಜಿನ ತುಂಡುಗಳನ್ನು ಮೇಜಿನ ಮೇಲೆ ಹರಡಿ ಅವರನ್ನೂ ಕರೆದೆವು. ಸೋಫಾದ ತುದಿಯಲ್ಲಿ ಕೂತು ನೋಡಿದರು. ಕೈ ಎಂದಿನಂತೆ ಮಡಿಲಲ್ಲಿ ಬತ್ತಿ ಹೊಸೆಯುತ್ತಿತ್ತು. ಹತ್ತಿ ಇಲ್ಲದಿದ್ದರೂ ಬೆರಳು ಹೊಸೆಯುತ್ತಲೇ ಇರುತ್ತದೆ. "ಅಜ್ಜಿ ಈಸ್ ಮೇಕಿಂಗ್ ಇನ್ವಿಸಿಬಲ್ ಬತ್ತಿ" ಅಂತ ಇರಾ ತಮಾಷೆ ಮಾಡುತ್ತಾಳೆ, ನಾವು ನಗುತ್ತೇವೆ, ಅವರೂ ನಗುತ್ತಾರೆ. ದೇವರ ಮುಂದೆ ಜೀವನವಿಡೀ ಬತ್ತಿ ಹೊಸೆದ ಕೈ, ಅಭ್ಯಾಸ ಬಿಡುತ್ತದೆಯೇ?

"ಅಮ್ಮಾ, ಯಾವುದು ಚಂದ?" ಅಂದಳು ಸುಮಾ.

"ನಿಮ್ಗೆ ಹೇಗೆ ಸರಿಯೋ ಹಾಗೆ."

ಸರಿ, ಎಲ್ಲರ ಒಪ್ಪಿಗೆ ಸಿಕ್ಕಿತು. ಬರೀ ಗಾಜು, ಲ್ಯಾಮಿನೇಟೆಡ್, ಮೇಲೆ ಕಂಬಿಯಿಲ್ಲ. ಅಂಗಡಿಯವನು ಬಂದು ಅಳತೆ ತೆಗೆದುಕೊಂಡು ಹೋದ. ಆ ರಾತ್ರಿ ನಾನು ಒಳ್ಳೆಯ ನಿದ್ದೆ ಮಾಡಿದೆ.

ಕಳೆದ ಮಂಗಳವಾರ ಸಂಜೆ ಚಹಾ ಹೀರುತ್ತಿದ್ದೆ. ಲೋಟದ ಚಹಾ ತಾನೇ ಅಲುಗಿತು. ದೀಪ ತೂಗಾಡಿತು. ಫೋನಿನಲ್ಲಿ ಕಟ್ಟಡದ ಗ್ರೂಪು ಟಣಟಣ ಅನ್ನತೊಡಗಿತು: "ಫೀಲ್ ಆ?" "ಫೀಲ್ ಲಾ!" ಇರಾ ಮೇಜಿನ ಕೆಳಗೆ ತೂರಿದಳು, ಶಾಲೆಯಲ್ಲಿ ಕಲಿಸಿದ್ದಾರೆ. ಅತ್ತೆ ಬಾಲ್ಕನಿಯಲ್ಲಿದ್ದರು. ಸಂಜೆ ಕಬ್ಬಿಣದ ಕಂಬಿ ಹಿಡಿದು ಸಮುದ್ರ ನೋಡುತ್ತಾ ನಿಲ್ಲುವುದು ಅವರ ಪದ್ಧತಿ.

"ಅಮ್ಮಾ, ಒಳಗೆ ಬಾ!" ಸುಮಾ ಕೂಗಿದಳು. ಅವರು ತಿರುಗಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕಂಬಿ ಹಿಡಿದರು. ನಾನೇ ಓಡಿಹೋಗಿ ತೋಳು ಹಿಡಿದು ಕರೆತಂದೆ. ಅಷ್ಟರಲ್ಲಿ ಅಲುಗಾಟ ನಿಂತಿತ್ತು.

"ಭೂಮಿ ನಡುಗಿದ್ದು ಗೊತ್ತಾಗ್ಲಿಲ್ವಾ ನಿಂಗೆ?" ಸುಮಾ ರೇಗಿದಳು.

"ಓ, ಭೂಮಿಯಾ?" ಅತ್ತೆಯ ಮುಖದಲ್ಲಿ ನಿಜವಾಗಿ ಸಮಾಧಾನ ಕಂಡಿತು. "ನಾನು ನನ್ನ ಕೈಯೇ ಅಂತ ಎಣಿಸಿದೆ. ಇವತ್ತು ಮೈಯೆಲ್ಲ ಶುರುವಾಯ್ತು ಅಂತ ಹೆದರಿದೆ."

"ಎಂತ ಕೈ?" ಅಂದಳು ಸುಮಾ.

ಅವರು ಅಂಗೈ ನೋಡಿಕೊಂಡರು. ತುಕ್ಕು ಮೆತ್ತಿತ್ತು. ಮಡಿಲಲ್ಲಿಟ್ಟರು. ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಾ ಬತ್ತಿ ಹೊಸೆಯತೊಡಗಿತು.

ನಾನು ಮೆಡಿಕಲ್ ಕಾಲೇಜಿನಲ್ಲಿ ಔಷಧಶಾಸ್ತ್ರ ಪಾಠ ಮಾಡುವವನು. ಕೈ ನಡುಗಿಸುವ ಈ ನರರೋಗದ ಮಾತ್ರೆಗಳೂ ನನ್ನ ಪಾಠದಲ್ಲಿವೆ. ಸುಮ್ಮನಿದ್ದಾಗ ಬೆರಳು ಹೀಗೆ ಏನನ್ನೋ ಉರುಳಿಸಿದಂತೆ ಆಡುತ್ತದೆ, ಏನನ್ನಾದರೂ ಹಿಡಿದುಕೊಂಡರೆ ನಡುಕ ಕಡಿಮೆಯಾಗುತ್ತದೆ ಅಂತ ಪ್ರತಿ ವರ್ಷ ಹೇಳುತ್ತೇನೆ, ನೋಟ್ಸ್ ಮಾಡಿಕೊಳ್ಳಿ ಅನ್ನುತ್ತೇನೆ. ಮನೆಯಲ್ಲಿ ಮಾತ್ರ ಅದು ಬತ್ತಿ! ಒಲೆಯ ಮುಂದೆ ಸೌಟು, ದಾರಿಯಲ್ಲಿ ಛತ್ರಿ, ಸಂಜೆ ಕಂಬಿ. ಎದ್ದು ನಿಂತಾಗ ಆ ಕೈ ಖಾಲಿ ಇದ್ದದ್ದನ್ನು ನಾನು ನೋಡಿಯೇ ಇಲ್ಲ.

"ಯಾಕಮ್ಮ ಹೇಳ್ಲಿಲ್ಲ?" ಸುಮಾ ಅಳುತ್ತಿದ್ದಳು.

ಅತ್ತೆ ಅಂಗೈಯ ತುಕ್ಕನ್ನು ಸೆರಗಿಗೆ ಒರೆಸಿಕೊಂಡರು. ನನ್ನ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಮೊದಲ ಸಲ, ನಡುವೆ ಯಾರನ್ನೂ ಇಟ್ಟುಕೊಳ್ಳದೆ ನನ್ನೊಡನೆ ಮಾತಾಡಿದರು.

"ನೀವು ತಪ್ಪು ತಿಳ್ಕೊಳ್ಬೇಡಿ. ಗಾಜು ಚಂದವೇ ಉಂಟು. ಆದ್ರೆ ಅದ್ರಲ್ಲಿ ಹಿಡ್ಕೊಳ್ಳಲಿಕ್ಕೆ ಎಂತ ಉಂಟು?"

ನಾವು ಆ ಗಾಜಿಗೆ ಏನೆಲ್ಲ ಕೇಳಿದ್ದೆವು! ಮಳೆ ತಡೆಯುತ್ತದಾ? ಉಪ್ಪಿಗೆ ಮಂಕಾಗುತ್ತದಾ? ಭೂಮಿ ನಡುಗಿದರೆ ನಿಲ್ಲುತ್ತದಾ? ಸೂರ್ಯಾಸ್ತ ಪೂರ್ತಿ ಕಾಣುತ್ತದಾ? ದಿನಾ ಅಲ್ಲಿ ಹೋಗಿ ನಿಲ್ಲುತ್ತಿದ್ದ ಒಬ್ಬರೇ ಒಬ್ಬರಿಗೆ ಮಾತ್ರ ಚಂದ ಯಾವುದು ಅಂತ ಕೇಳಿದ್ದೆವು.

ಅಂಗಡಿಯವನಿಗೆ ಫೋನ್ ಮಾಡಿದೆ. ಗಾಜು ಅದೇ ಇರಲಿ, ಮೇಲೆ ಕೈಗೆ ಸಿಗುವ ಹಾಗೆ ದುಂಡನೆಯ ಸ್ಟೀಲ್ ಕಂಬಿ ಬೇಕು, ತುಕ್ಕು ಹಿಡಿಯದ್ದು, ಬಾಲ್ಕನಿಯ ಈ ತುದಿಯಿಂದ ಆ ತುದಿಯವರೆಗೆ. ಅವನಿಗೆ ಬೇಜಾರಾಯಿತು. "ಅಯ್ಯೋ ಬಾಸ್, ವ್ಯೂ ವೇಸ್ಟ್ ಲಾ! ಫ್ಯಾಮಿಲಿ ಎಲ್ಲ ಓಕೆ ಅಂದಿದ್ರಲ್ಲ?"

ಅಂದಿದ್ದರು. ಆ ಓಕೆ ಯಾವ ಥರದ್ದು ಅಂತ ಅವನಿಗೆ ಹೇಗೆ ವಿವರಿಸಲಿ? ಪಕ್ಕದಲ್ಲಿದ್ದ ಇರಾ ಕೇಳಿಸಿಕೊಂಡಳು. ಅಜ್ಜಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಕೂತಳು.

ಮುಂದಿನ ವಾರ ಅತ್ತೆಯನ್ನು ನರರೋಗ ತಜ್ಞರಿಗೆ ತೋರಿಸಬೇಕು. ಕಂಬಿ ಬರುವ ತನಕ ಹಳೆಯ ತುಕ್ಕು ಕಟಕಟೆ ಅಲ್ಲೇ ಇರಲಿ ಅಂತ ಮ್ಯಾನೇಜ್‌ಮೆಂಟ್ ಜೊತೆ ಜಗಳ ಬೇರೆ ಆಡಬೇಕು. ಶನಿವಾರ ಮತ್ತೆ ಹೋಯಿತು, ಹೋಗಲಿ.

ನಿಮ್ಮ ಮನೆಯಲ್ಲೂ "ನಿಮ್ಗೆ ಹೇಗೆ ಸರಿಯೋ ಹಾಗೆ" ಅನ್ನುವವರೊಬ್ಬರು ಇರಬಹುದು. ಅವರು ಏನನ್ನು ಹಿಡಿದುಕೊಂಡು ನಿಂತಿದ್ದಾರೆ, ನೋಡಿದ್ದೀರಾ?