ಬೀಳದ ಕಾರ್ಡುಗಳು

ಎಂಬತ್ತರ ದಶಕದ ಆರಂಭ. ಒಂದು ವಿಜಯದಶಮಿಯ ಬೆಳಗ್ಗೆ. ತುಮಕೂರಿನ ನಮ್ಮ ರಕ್ತದಾನಿಗಳ ಸಂಘದ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ, ಮೇಜಿನ ಎಡಗಡೆ ನಾನು ನಿಂತಿದ್ದೆ.

ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ನಾನೇ ಮಾಡಿದ್ದು. ಒಬ್ಬ ದಾನಿಗೆ ಒಂದು ರಟ್ಟಿನ ಕಾರ್ಡು. ಅದರ ಮೇಲಂಚಿನಲ್ಲಿ ಸಾಲು ತೂತು. ಒಂದೊಂದು ತೂತೂ ಒಂದು ಪ್ರಶ್ನೆ: ಓ ನೆಗೆಟಿವ್ ರಕ್ತವೇ? ವಾಸ ತುಮಕೂರೇ? ಕುಣಿಗಲ್ಲೇ? ಉತ್ತರ ಹೌದಾದರೆ ಆ ತೂತನ್ನು ಅಂಚಿನವರೆಗೆ ಕತ್ತರಿಸುವುದು. ಬೇಕಾದ ತೂತಿಗೆ ಸ್ವೆಟರ್ ಹೆಣೆಯುವ ಕಡ್ಡಿ ತೂರಿಸಿ ಎತ್ತಿದರೆ ಕತ್ತರಿಸಿದ ಕಾರ್ಡುಗಳು ಕೆಳಗೆ ಬೀಳುತ್ತವೆ, ಉಳಿದವು ಕಡ್ಡಿಯಲ್ಲೇ ನೇತಾಡುತ್ತವೆ. ಬಿದ್ದವನ್ನು ಜೋಡಿಸಿ ಎರಡನೆಯ ತೂತಿಗೆ ಕಡ್ಡಿ ಹಾಕಿದರೆ ಎರಡನೆಯ ಪ್ರಶ್ನೆ. ಇಷ್ಟೇ. ನಮ್ಮ ಅಧ್ಯಕ್ಷರು ಮಾತ್ರ ಬಂದವರಿಗೆಲ್ಲ ಇದನ್ನು 'ನಮ್ಮ ಕಂಪ್ಯೂಟರ್' ಎಂದು ತೋರಿಸುತ್ತಿದ್ದರು. ಅದುವರೆಗೆ ಒಂದು ಸಲವೂ ಕಡ್ಡಿ ಮುಟ್ಟಿದವರಲ್ಲ.

ಹಿಂದಿನ ದಿನ ಆಯುಧಪೂಜೆ. ಕಂಪ್ಯೂಟರಿಗೆ ಪೂಜೆ ಬೇಡವೇ? ಅಧ್ಯಕ್ಷರು ಕಾಯಿ ಒಡೆದು ಅದರ ನೀರನ್ನು ಕಾರ್ಡುಗಳ ಮೇಲೆಯೇ ಚಿಮುಕಿಸಿದ್ದರು. ಅರಿಶಿನ, ಕುಂಕುಮ ಧಾರಾಳವಾಗಿ. ರಾತ್ರಿಯೆಲ್ಲ ಒಣಗಿತ್ತು.

ಗುಬ್ಬಿಯ ದರ್ಜಿಯೊಬ್ಬ ಓಡಿ ಬಂದ. ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ಅಧ್ಯಕ್ಷರು ಅಂದು ತಾವೇ ಕಡ್ಡಿ ಹಾಕಿದರು. ಇಡೀ ಕಟ್ಟು ಇಟ್ಟಿಗೆಯಂತೆ ಎದ್ದು ಬಂತು. ಒಂದೂ ಬೀಳಲಿಲ್ಲ.

"ಯಾರೂ ಇಲ್ಲ ಕಣಪ್ಪ. ಕಂಪ್ಯೂಟ್ರು ಸುಳ್ಳು ಹೇಳಲ್ಲ."

"ಸಾರ್, ಅಂಟ್ಕೊಂಡವೆ. ಅದಕ್ಕೇ ಬೀಳ್ತಿಲ್ಲ," ಎಂದೆ.

"ಏನ್ಲಾ, ಪೂಜೆ ಮಾಡಿದ್ದಕ್ಕೆ ಕೆಟ್ಟೋಯ್ತಾ? ನೀನೊಬ್ಬ ದೊಡ್ಡ ಎಂಜಿನಿಯರ್ರು!"

"ಸ್ವಾಮಿ, ನಿಮ್ ದಮ್ಮಯ್ಯ, ಇನ್ನೊಂದ್ಸಲ ನೋಡಿ," ಎಂದ ದರ್ಜಿ.

ಅವರು ನೋಡಿದರು. ಮತ್ತೆ ಅದೇ ಇಟ್ಟಿಗೆ. ಇಲ್ಲವೆನ್ನುವುದಕ್ಕೂ ಸಿಗಲಿಲ್ಲವೆನ್ನುವುದಕ್ಕೂ ಇರುವ ಅಂತರ ಅವರ ತಲೆಗೆ ಹೋಗಲಿಲ್ಲ. ತಿಳಿಸಿಹೇಳುವ ನನ್ನ ಪ್ರಯತ್ನವನ್ನು ಅಧಿಕಪ್ರಸಂಗ ಎಂದರು. ಕೊನೆಗೆ ದರ್ಜಿಯೇ ಪೆಟ್ಟಿಗೆ ಕಿತ್ತುಕೊಂಡ. ಇಬ್ಬರೂ ನೆಲದಲ್ಲಿ ಕೂತು ಬ್ಲೇಡಿನಿಂದ ಕಾರ್ಡುಗಳನ್ನು ಬಿಡಿಸಿದೆವು. ಓ ನೆಗೆಟಿವ್, ತುಮಕೂರು ಎರಡೂ ತೂತು ಕತ್ತರಿಸಿದ್ದ ಕಾರ್ಡು ಸಿಕ್ಕಿತು. ದಾನಿಯ ಮನೆ ಹಿಂದಿನ ಬೀದಿಯಲ್ಲೇ. ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ನಮ್ಮೊಂದಿಗೆ ಓಡಿದರು. ಆಸ್ಪತ್ರೆ ಮುಟ್ಟುವಾಗ ಆಕೆಯ ಮುಖಕ್ಕೆ ಸೆರಗು ಎಳೆದಿದ್ದರು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು, ಕಂಪ್ಯೂಟರ್ ದಾನಿಯನ್ನು ಹುಡುಕಿಕೊಟ್ಟಿತ್ತು, ಹಣೆಬರಹಕ್ಕೆ ಯಾರೇನು ಮಾಡಲಾದೀತು ಎಂದರು. ಚಪ್ಪಾಳೆಯೂ ಬಿತ್ತು.

ಆ ಬೆಳಗ್ಗೆ ಕೋಣೆಯಲ್ಲಿದ್ದವರು ಮೂವರು. ಅಧ್ಯಕ್ಷರು ಈಗಿಲ್ಲ. ಕಡ್ಡಿ ಎತ್ತಿದ್ದನ್ನು, ಒಂದೂ ಬೀಳದಿದ್ದುದನ್ನು ಕಂಡು ಬದುಕಿರುವವರು ನಾನು, ಮತ್ತು ಗುಬ್ಬಿಯ ಸಂತೆ ಬೀದಿಯಲ್ಲಿರುವ ಆ ದರ್ಜಿ.